ಅಂಗಡಿ ದಾಟದ ಅಳತೆ

ಮಾಸ್ಟರ್ ಯಾರ ತೊಡೆಯ ಅಳತೆಯನ್ನೂ ಬಿಗಿಯಾಗಿ ತೆಗೆದವರಲ್ಲ. ಟೇಪು ಸುತ್ತಿ, ಅದರ ಒಳಗೆ ತಮ್ಮ ಎರಡು ಬೆರಳು ಇಟ್ಟುಕೊಂಡು, ಆಮೇಲೆ ಕಣ್ಣು ಕಿರಿದು ಮಾಡಿ ಅಂಕಿ ನೋಡುತ್ತಿದ್ದರು. "ಇನ್ನೊಂಚೂರು ಟೈಟ್ ಇಡಿ ಮಾಸ್ಟ್ರೇ, ಈಗೆಲ್ಲ ಅದೇ ಫ್ಯಾಷನ್ನು" ಎಂದು ಕಾಲೇಜು ಹುಡುಗರು ಹೇಳಿದರೆ, "ಈಗ ನಿಂತ್ಕಂಡಿದ್ದೀಯ, ಅದಕ್ಕೆ ಅಂಗಂತೀಯ. ಕೂತ್ಕಂಡಾಗ ನಿನ್ ತೊಡೆ ಬೇರೆ ಮಾತಾಡ್ತದೆ" ಎನ್ನುತ್ತಿದ್ದರು.

ಅವರು ಹೋಗಿ ಹತ್ತು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಹದಿನೆಂಟು ವರ್ಷ ಅವರ ಪಕ್ಕದಲ್ಲಿ ಕುಳಿತು ಕೆಲಸ ಮಾಡಿದವಳು ನಾನು, ಒಂದು ದಿನವೂ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದಿಲ್ಲ. ಅಂಗಡಿಯ ಬೋರ್ಡಿನ ಮೇಲೂ ಅದು ಇರಲಿಲ್ಲ. ಕೊಡಿಗೇಹಳ್ಳಿಯಲ್ಲೂ ಪಕ್ಕದ ಸಹಕಾರನಗರದಲ್ಲೂ ಅವರು ಎಲ್ಲರಿಗೂ ಮಾಸ್ಟರ್. ನಾನು ಎಸ್ಸೆಸ್ಸೆಲ್ಸಿ ಓದಿದವಳು. ಬರೆದು ಅಭ್ಯಾಸವಿರುವುದು ಅಳತೆ ಪುಸ್ತಕ ಮಾತ್ರ. ಆದರೂ ಇದನ್ನು ಎಲ್ಲಾದರೂ ಇಳಿಸದಿದ್ದರೆ ಆಗುವುದಿಲ್ಲ ಅನ್ನಿಸಿದೆ.

ನನ್ನ ಮಗಳು ಶಾಲೆಗೆ ಸೇರಿದ ವರ್ಷ, ಮಧ್ಯಾಹ್ನದ ಹೊತ್ತು ಏನಾದರೂ ಕೆಲಸ ಸಿಗುತ್ತದೆಯೇ ಎಂದು ಕೇಳಿಕೊಂಡು ಆ ಅಂಗಡಿಯ ಮೆಟ್ಟಿಲು ಹತ್ತಿದ್ದೆ. ಅವರು ತಲೆ ಎತ್ತದೆ ಒಂದು ಶರಟು ನನ್ನ ಕಡೆ ಎಸೆದರು. "ಒಂದು ಕಾಜಾ ಹೊಲಿ ಅಮ್ಮಣ್ಣಿ, ನೋಡೋಣ." ಗುಂಡಿ ತೂರುವ ತೂತಿನ ಸುತ್ತ ಹೊಲಿಯುವುದಕ್ಕೆ ಕಾಜಾ ಎನ್ನುತ್ತೇವೆ. ನಾನು ಹೊಲಿದೆ. ತಿರುಗಿಸಿ ಒಳಗಡೆ ನೋಡಿದರು. ಹೊರಗಡೆ ನೋಡಲೇ ಇಲ್ಲ. "ಒಳಗಡೆ ಚೆನ್ನಾಗೈತೆ, ನಾಳೆಯಿಂದ ಬಾ" ಎಂದರು.

ಒಳಗಡೆಯ ಬಗ್ಗೆಯೇ ಅವರಿಗೆ ಯೋಚನೆ. ಪ್ಯಾಂಟು ಯಾರದೇ ಆಗಲಿ, ಹೊಲಿಗೆಯ ಒಳಗೆ ಒಂದೂವರೆ ಇಂಚು ಬಟ್ಟೆ ಬಿಡುತ್ತಿದ್ದರು. ರೆಡಿಮೇಡಿನಲ್ಲಿ ಕಾಲಿಂಚೂ ಬಿಡುವುದಿಲ್ಲ. ಯಾರಾದರೂ ಅಂಥದ್ದನ್ನು ಲೂಸ್ ಮಾಡಿಕೊಡಿ ಎಂದು ತಂದರೆ ಹೊಲಿಗೆ ಅಗಲಿಸಿ ತೋರಿಸಿ, "ಎಲ್ಲಿಂದ ತರ್ಲಿ ಸ್ವಾಮಿ? ಒಂದ್ ನೂಲೂ ಬಿಟ್ಟಿಲ್ಲ ಪಾಪಿ" ಎಂದು ವಾಪಸು ಕೊಡುತ್ತಿದ್ದರು. ಅವರ ಅಪ್ಪ ಈ ಊರಿನಲ್ಲೇ ಸೊಪ್ಪು, ಮೂಲಂಗಿ ಬೆಳೆದವರಂತೆ. ಆ ನೆಲ ಲೇಔಟಿಗೆ ಹೋಯಿತು. ಅದರ ಬಗ್ಗೆ ಅವರು ದುಃಖಪಟ್ಟು ಮಾತಾಡಿದ್ದನ್ನು ನಾನು ಕೇಳಿಲ್ಲ. ಯಾವುದೋ ಮನೆಯವರ ಪ್ಯಾಂಟು ಕೊಟ್ಟು ಕಳಿಸುವಾಗ ಮಾತ್ರ, "ಇವರ ಅಡುಗೆಮನೆ ಇರೋ ಜಾಗದಲ್ಲಿ ನಮ್ ಬಾವಿ ಇತ್ತು" ಎಂದು ನಕ್ಕಿದ್ದರು.

ಅಂಗಡಿಗೆ ಒಂದು ಕಟ್ಟುನಿಟ್ಟಿತ್ತು. ಯಾರ ಅಳತೆಯೂ ಅಂಗಡಿ ದಾಟಬಾರದು. ಅಂಗಡಿಯ ಒಳಗೂ ಗಟ್ಟಿಯಾಗಿ ಹೇಳುವಂತಿಲ್ಲ. ಅಳತೆ ತೆಗೆಯುವವರು ಅವರು, ಪುಸ್ತಕದಲ್ಲಿ ಬರೆದುಕೊಳ್ಳುವವಳು ನಾನು. ಹಳೇ ಊರಿನವರೊಬ್ಬರು, ಈಗ ಅಪಾರ್ಟ್‌ಮೆಂಟು ಕಟ್ಟಿಸುವವರು, ಪ್ರತಿ ವರ್ಷ ಹಬ್ಬಕ್ಕೆ ಬರುತ್ತಿದ್ದರು. ಅವರ ಸೊಂಟ ವರ್ಷಕ್ಕೆ ಒಂದಿಂಚಾದರೂ ಬೆಳೆಯುತ್ತಿತ್ತು.

"ಎಷ್ಟೋ? ಹೋದ್ಸಲ ಮೂವತ್ತಾರು ಇತ್ತಲ್ಲ?" ಎಂದು ಅವರು ಉಸಿರು ಬಿಗಿಹಿಡಿದು ಕೇಳುವರು.

"ಮೂವತ್ತಾರೇ. ಅಲ್ಲಾಡಿಲ್ಲ ಬಿಡಣ್ಣ" ಎಂದು ಮಾಸ್ಟರ್ ಎಲ್ಲರಿಗೂ ಕೇಳುವಂತೆ ಹೇಳುವರು. ಅದೇ ಹೊತ್ತಿಗೆ ಅವರ ಎಡಗೈ ಬೆನ್ನ ಹಿಂದೆ ಹೋಗಿ ನನಗೆ ನಾಲ್ಕು ಬೆರಳು ತೋರಿಸುತ್ತಿತ್ತು. ಮೂವತ್ತಾರರ ಮೇಲೆ ನಾಲ್ಕು ಎಂದು ಅರ್ಥ. ಆ ವರ್ಷ ನಾನು ನಲವತ್ತು ಎಂದು ಬರೆದೆ.

"ನೋಡಮ್ಮಾ, ನಾನೇನೂ ದಪ್ಪ ಆಗಿಲ್ಲ, ನಮ್ಮನೇಲಿ ಸುಮ್ನೆ ಬಾಯಿ ಬಡ್ಕೋತಾರೆ" ಎಂದು ಆ ಯಜಮಾನರು ನನ್ನ ಕಡೆ ತಿರುಗಿದರೆ ನಾನು ತಲೆ ತಗ್ಗಿಸಿ ಸೂಜಿಗೆ ದಾರ ಹಾಕುತ್ತಿದ್ದೆ. ಅವರು ಹೋದ ಮೇಲೆ ಮಾಸ್ಟರ್, "ಮನುಷ್ಯ ಸಂತೋಷವಾಗಿ ಓದ್ನಲ್ಲ, ಅಷ್ಟು ಸಾಕು. ಪ್ಯಾಂಟು ನಿಜ ಏಳ್ತದೆ, ನಾವ್ಯಾಕೆ ಏಳ್ಬೇಕು" ಎನ್ನುತ್ತಿದ್ದರು.

ಬೀಡಿ ಸೇದುತ್ತಿದ್ದರು. ಆದರೆ ಅಂಗಡಿಯ ಒಳಗೆ ಎಂದೂ ಇಲ್ಲ. ಗಿರಾಕಿಯ ಬಟ್ಟೆಗೆ ವಾಸನೆ ಹತ್ತಬಾರದೆಂದು ಹಿಂದಿನ ಓಣಿಗೆ ಹೋಗಿ, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿ, ಅದಕ್ಕೆ ಬೆನ್ನು ಕೊಟ್ಟು ನಿಂತು ಸೇದಿ ಬರುತ್ತಿದ್ದರು. ದಿನಕ್ಕೆ ಎಷ್ಟು ಸಲ ಹೋಗುತ್ತಿದ್ದರೋ ಲೆಕ್ಕವಿಲ್ಲ. ನಾನು ಬೇಡ ಎಂದಿದ್ದೆ. ಅವರ ಹೆಂಡತಿ, ನಾನು ಅಕ್ಕ ಎನ್ನುವವರು, ಅವರೂ ಹೇಳಿ ಹೇಳಿ ಬಿಟ್ಟಿದ್ದರು.

ನನಗೆ ಮೆಷಿನ್ ಕಲಿಸಿದವರೂ ಅವರೇ. ಹೊಲಿಗೆ ಮುಗಿಯುವಲ್ಲಿ ಬಿಚ್ಚಿಹೋಗದ ಹಾಗೆ ಹಿಂದಕ್ಕೂ ಮುಂದಕ್ಕೂ ಒಂದೆರಡು ಸಲ ಹೊಲಿಯುತ್ತಾರೆ. ಮಾಸ್ಟರ್ ಎರಡು ಸಲ ಹೊಲಿಯುವರು. ನನಗೆ ನಂಬಿಕೆ ಸಾಲದೆ ಮೂರು ಸಲ ಹೊಲಿಯುತ್ತಿದ್ದೆ. "ಬಿಡು ಅಮ್ಮಣ್ಣಿ, ಎಲ್ಲಿಗೂ ಓಡಿಓಗಲ್ಲ ಅದು" ಎಂದು ರೇಗಿಸುವರು. ಮಧ್ಯಾಹ್ನ ಊಟದ ಬುತ್ತಿ ತರುವ ಅಕ್ಕನಿಗೂ ತೋರಿಸುವರು. "ನೋಡು, ಇವಳು ಹೊಲಿದಿದ್ದು ಅಂತ ಯಾರು ಬೇಕಾದ್ರೂ ಏಳ್ಬೌದು. ಮೂರು ಗಂಟು ಹಾಕವ್ಳೆ, ಮದುವೆ ಮಾಡ್ದಂಗೆ." ಅಕ್ಕ ನಗುವರು. ನಾನು ಆ ಅಭ್ಯಾಸ ಬಿಡಲಿಲ್ಲ.

ಹೋದ ವರ್ಷಕ್ಕೆ ಮುಂಚಿನ ದೀಪಾವಳಿ ಕಳೆದ ಮೇಲೆ ಒಂದು ದಿನ ಅವರು ತಮ್ಮದೇ ಬೂದುಬಣ್ಣದ ಪ್ಯಾಂಟನ್ನು ಸುತ್ತಿ ನನ್ನ ಮುಂದೆ ಇಟ್ಟರು.

"ಎಡಗಡೆ ತೊಡೆ ಹತ್ರ ಅರ್ಧ ಇಂಚು ಬಿಡು."

"ಬಲಗಡೆ ಮಾಸ್ಟ್ರೇ?"

"ಬಲಗಡೆ ಸರಿಗೈತೆ."

ಎಂಥ ಗಿರಾಕಿಯದನ್ನೂ ನನಗೆ ಕೊಡುವವರು ತಮ್ಮದನ್ನು ಯಾವತ್ತೂ ಕೊಟ್ಟಿರಲಿಲ್ಲ. ಯಾಕೆ ಎಂದು ಕೇಳಬಹುದಿತ್ತು. ಗಂಡಸಿನ ತೊಡೆಯ ವಿಷಯ, ಅದೂ ತಂದೆಯಂಥವರದು, ಹೇಗೆ ಕೇಳುವುದು ಎಂದು ಸುಮ್ಮನಾದೆ. ಒಳಗೆ ಬಿಟ್ಟ ಬಟ್ಟೆ ಬೇಕಾದಷ್ಟಿತ್ತು. ಹಳೆ ಹೊಲಿಗೆ ಬಿಚ್ಚಿ, ಅರ್ಧ ಇಂಚು ಆಚೆಗೆ ಹೊಸದು ಹಾಕಿದೆ. ಸಂಕ್ರಾಂತಿ ಮುಗಿದು ಸ್ವಲ್ಪ ದಿನಕ್ಕೆ ಅದೇ ಪ್ಯಾಂಟು ಮತ್ತೆ ಬಂತು. "ಇನ್ನರ್ಧ ಇಂಚು." ಆಗಲೂ ಕೇಳಲಿಲ್ಲ. ಅವರೂ ಮುಖ ನೋಡಲಿಲ್ಲ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಮೆಷಿನ್ ನಿಲ್ಲಿಸಿ ಅವರು ಗೋಡೆಗೆ ಒರಗಿದ್ದರು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆ, ನಾವು ಚಾಕು ಎನ್ನುವುದು, ಎಡತೊಡೆಯ ಮೇಲೆ, ಸೊಂಟದ ಮಡಿಕೆಗೆ ಹತ್ತಿರ ಬಿದ್ದಿತ್ತು. ಅವರ ಕಾಲು ಪೆಡಲಿನ ಮೇಲಿರಲಿಲ್ಲ. ಆದರೂ ಆ ಚಾಕಿನ ಬಿಲ್ಲೆ ಸಣ್ಣಗೆ ಏಳುತ್ತಿತ್ತು, ಇಳಿಯುತ್ತಿತ್ತು. ನಾನು ನೋಡುತ್ತಿದ್ದುದನ್ನು ಕಂಡು ಅವರು ಚಾಕನ್ನು ತೆಗೆದು ಮೇಜಿನ ಮೇಲಿಟ್ಟರು.

ವಿಷಯ ಹೊರಬಿದ್ದದ್ದು ನಮ್ಮ ಬೀದಿಯ ಕ್ಲಿನಿಕ್ಕಿನ ಡಾಕ್ಟರಿಂದ. ಯುಗಾದಿಯ ವಾರ ಅವರು ಹೊಸ ಪ್ಯಾಂಟಿನ ಟ್ರಯಲ್ ನೋಡಲು ಬಂದಿದ್ದರು. ಕಾಲಿನ ಉದ್ದ ಗುರುತು ಮಾಡಲು ಮಾಸ್ಟರ್ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತರು. ಏಳಲು ಆಗಲಿಲ್ಲ. ಮೇಜಿನ ಕಾಲು ಹಿಡಿದು ಇನ್ನೊಂದು ಕೈಯಲ್ಲಿ ತೊಡೆಸಂದಿಯನ್ನು ಒತ್ತಿಕೊಂಡರು.

"ಏನ್ ಮಾಸ್ಟ್ರೇ, ವಯಸ್ಸಾಯ್ತಾ?"

"ನಂಗಲ್ಲ ಸಾರ್. ನಿಮ್ ಪ್ಯಾಂಟು ಭಾಳ ಕೆಳಗೈತೆ."

ಡಾಕ್ಟರು ನಗಲಿಲ್ಲ. ಆ ಕೈಯನ್ನೇ ನೋಡುತ್ತಿದ್ದರು. "ಅಲ್ಲೇನದು?"

"ಗಂಟು ಸಾರ್. ಅದರ ಪಾಡಿಗೆ ಅದೈತೆ."

"ಬನ್ನಿ ಒಳಗೆ."

ಟ್ರಯಲ್ ಕೋಣೆ ಎಂದರೆ ಮೂಲೆಗೆ ಕಟ್ಟಿದ ಒಂದು ಪರದೆ. ಪರದೆಯ ಕೆಳಗೆ ನಾಲ್ಕು ಪಾದ ಕಾಣುತ್ತಿದ್ದವು. ಹೊರಗೆ ಬಂದ ಡಾಕ್ಟರು, "ಇದು ಗಂಟಲ್ಲ ಮಾಸ್ಟ್ರೇ, ರಕ್ತನಾಳ. ಕೈ ಇಟ್ರೆ ಬಡೀತಾ ಇದೆ. ಯಾರ ಹತ್ರನೂ ಎಣ್ಣೆ ತಿಕ್ಕಿಸ್ಕೋಬೇಡಿ, ಒತ್ತಿಸ್ಕೋಬೇಡಿ. ನಾಳೆನೇ ನಾನು ಹೇಳೋ ಆಸ್ಪತ್ರೆಗೆ ಹೋಗಿ" ಎಂದು ಹೇಳಿ, ಫೋನು ಮಾಡಲು ಕ್ಲಿನಿಕ್ಕಿಗೆ ಓಡಿದರು. ಗುಂಡುಸೂಜಿ ಚುಚ್ಚಿದ, ಚಾಕಿನ ಗೆರೆ ಬಿದ್ದ ಪ್ಯಾಂಟಿನಲ್ಲೇ ಹೋದರು. ಮಾಸ್ಟರ್ ಅದನ್ನು ನೋಡಿ, "ಅಯ್ಯೋ, ಸೂಜಿ ಚುಚ್ತದೆ ಅವರ್ಗೆ" ಎಂದರು. ಆಮೇಲೆ ನನಗೆ, "ಮನೇಲಿ ಏಳ್ಬೇಡ. ಮಗಳು ಬಾಣಂತನಕ್ಕೆ ಬಂದವ್ಳೆ" ಎಂದರು. ಮಗಳನ್ನು ತಣಿಸಂದ್ರಕ್ಕೆ ಕೊಟ್ಟಿದ್ದರು. ಅವಳಿಗೆ ಆಗ ಒಂಬತ್ತು ತಿಂಗಳು.

ಲೈನಿಂಗ್ ಬಟ್ಟೆ ತರುತ್ತೇವೆ ಎಂದು ಅಕ್ಕನಿಗೆ ಹೇಳಿ ನಾವಿಬ್ಬರು ಹೆಬ್ಬಾಳದ ಕಡೆಯ ಆಸ್ಪತ್ರೆಗೆ ಹೋದೆವು. ಸ್ಕ್ಯಾನು ಆಯಿತು. ಆಪರೇಷನ್ ಮಾಡುವವರು ಹೆಂಗಸು, ನಲವತ್ತು ದಾಟಿರಲಾರದು. ಪರೀಕ್ಷೆ ಮಾಡುವಾಗ ಮಾಸ್ಟರ್ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರಂತೆ. "ಇಷ್ಟೊಂದು ನಾಚಿಕೆಯಾದ್ರೆ ಹೇಗೆ ಅಂಕಲ್" ಎಂದು ಡಾಕ್ಟರಮ್ಮ ಪರದೆಯ ಆಚೆ ಹೇಳಿದ್ದು ನನಗೆ ಕೇಳಿಸಿತು. ಆಮೇಲೆ ನನ್ನನ್ನೂ ಕರೆದು ಕೂರಿಸಿ, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಹೊಟ್ಟೆಯಿಂದ ಕಾಲಿಗೆ ರಕ್ತ ತರುವ ದೊಡ್ಡ ನಾಳ, ತೊಡೆ ಶುರುವಾಗುವಲ್ಲಿ ಅದರ ಗೋಡೆ ಸಡಿಲವಾಗಿ ಉಬ್ಬಿದೆ. ಅನ್ಯೂರಿಸಂ ಎನ್ನುತ್ತಾರಂತೆ. ಹೊಟ್ಟೆಯಲ್ಲಿ, ಬಲಗಾಲಿನಲ್ಲಿ, ಮಂಡಿಯ ಹಿಂದೆ ಇಲ್ಲ, ಅದು ಪುಣ್ಯ ಎಂದರು.

"ಬೆಲ್‌ಬಾಟಮ್ ಇದ್ದಂಗೆ" ಎಂದರು ಮಾಸ್ಟರ್.

"ಬೆಲ್‌ಬಾಟಮ್ ಕೆಳಗಡೆ ಅಗಲ. ಇದು ಮಧ್ಯದಲ್ಲಿ. ಬೀಡಿ ಸೇದ್ತೀರಾ?"

"ಹೊರಗಡೆ ನಿಂತು ಸೇದ್ತೀನಿ."

"ಹೊರಗಡೆ ನಿಂತ್ರೂ ಹೊಗೆ ಒಳಗೇ ಹೋಗುತ್ತೆ ಅಂಕಲ್."

ಒಡೆದರೆ ರಕ್ತ ನಿಲ್ಲಿಸುವುದು ಕಷ್ಟ ಎಂದರು. ಅದಕ್ಕಿಂತ ಹೆಚ್ಚಿನ ಭಯ ಹೆಪ್ಪಿನದು. ಉಬ್ಬಿದ ಜಾಗದಲ್ಲಿ ರಕ್ತ ಸುತ್ತಿ ನಿಧಾನವಾಗಿ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಕೆಳಕ್ಕೆ ಹೋಗಿ ಸಿಕ್ಕಿಕೊಂಡರೆ ಕಾಲಿಗೆ ರಕ್ತವೇ ಹೋಗುವುದಿಲ್ಲ. ಅವರು ನನ್ನ ಮುಖ ನೋಡಿ ಹೇಳಿದ್ದು ನನಗೆ ಇವತ್ತೂ ನೆನಪಿದೆ. "ಪಾದ ತಣ್ಣಗಾದ್ರೆ, ಬಿಳಿಚಿಕೊಂಡ್ರೆ, ಒಂದು ನಿಮಿಷನೂ ಕಾಯಬೇಡಿ. ಗಂಟೆ ಲೆಕ್ಕದಲ್ಲಿ ಕಾಲು ಹೋಗುತ್ತೆ. ಕೆಲವು ಸಲ ಜೀವನೂ." ನಾನು ಆಗಲಿ ಎಂದು ತಲೆ ಆಡಿಸಿದೆ.

ಉಬ್ಬಿದ ಭಾಗವನ್ನು ತೆರೆದು, ಅಲ್ಲಿ ಬಟ್ಟೆಯ ಕೊಳವೆ ಇಟ್ಟು ಎರಡು ತುದಿಯನ್ನೂ ಹೊಲಿಯುತ್ತೇವೆ ಎಂದಾಗ ಮಾಸ್ಟರ್ ನೆಟ್ಟಗೆ ಕುಳಿತರು.

"ಬಟ್ಟೆನಾ? ಯಾವ ಬಟ್ಟೆ?"

"ಪಾಲಿಯೆಸ್ಟರ್."

"ಟೆರಿಲೀನು" ಎಂದು ನನ್ನ ಕಡೆ ತಿರುಗಿ ಹೇಳಿದರು. ಆ ಬೆಳಗಿನಿಂದ ಮೊದಲ ಸಲ ಅವರ ಮುಖ ಅರಳಿತ್ತು. ಡಾಕ್ಟರಮ್ಮ ಮೇಜಿನ ಖಾನೆಯಿಂದ ಒಂದು ತುಂಡು ತೆಗೆದು ಕೊಟ್ಟರು. ಬಿಳಿಯದು, ಹೆಬ್ಬೆರಳಿಗಿಂತ ಸಣ್ಣದು, ಉದ್ದಕ್ಕೂ ಸಣ್ಣ ಸಣ್ಣ ನೆರಿಗೆ. ಮಾಸ್ಟರ್ ಅದನ್ನು ಎರಡು ಬೆರಳಿನ ನಡುವೆ ತಿಕ್ಕಿ ನೋಡಿದರು, ಬಗ್ಗಿಸಿದರು, ಬೆಳಕಿಗೆ ಹಿಡಿದರು.

"ಇದು ನೇಯ್ದಿದ್ದಲ್ಲ, ಹೆಣೆದಿರೋದು. ನೆರಿಗೆ ಯಾಕೆ ಅಂತ ಗೊತ್ತಾಯ್ತು. ಕೂತಾಗ ತೊಡೆ ಬಗ್ಗಿದ್ರೆ ಮಡಿಕೆ ಬಿದ್ದು ಮುಚ್ಕೋಬಾರ್ದು."

"ನಮ್ಮ ಸ್ಟೂಡೆಂಟ್ಸಿಗೆ ನೀವೇ ಪಾಠ ಮಾಡಿ ಅಂಕಲ್."

"ನೂಲು?"

"ನೀಲಿ ನೂಲು, ಕೂದಲಿನಷ್ಟು ಸಣ್ಣ. ಎರಡು ತುದೀಲೂ ಸೂಜಿ ಇರುತ್ತೆ."

"ಎರಡು ತುದೀಲೂ" ಎಂದು ಮಾಸ್ಟರ್ ಮೆಚ್ಚಿ ತಲೆದೂಗಿದರು. ಆಮೇಲೆ ಕೇಳಿದರು, "ಒಳಗೆ ಎಷ್ಟು ಬಿಡ್ತೀರಿ?"

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನಾನು ಹೇಳಿದೆ, ಹೊಲಿಗೆಯ ಒಳಗೆ ಬಿಡುವ ಬಟ್ಟೆ ಎಂದು. "ಓ. ಏನೂ ಬಿಡಲ್ಲ. ಅಂಚಿಗೆ ಅಂಚು ಸೇರಿಸಿ ಹೊಲೀತೀವಿ" ಎಂದರು.

ಮಾಸ್ಟರ್ ಆ ತುಂಡನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

ಮುಂದಿನ ವಾರವೇ ಬನ್ನಿ ಎಂದು ಡಾಕ್ಟರಮ್ಮ ಹೇಳಿದರು. ಯೂನಿಫಾರಂ ಸೀಸನ್ನು, ಶಾಲೆ ತೆರೆಯುವವರೆಗೆ ಆಗುವುದಿಲ್ಲ ಎಂದು ಇವರು. "ಅದು ನಿಮ್ಮ ಸ್ಕೂಲು ಕ್ಯಾಲೆಂಡರ್ ನೋಡ್ಕೊಂಡು ಕೂತಿರಲ್ಲ ಅಂಕಲ್" ಎಂದು ಅವರು ಗದರಿದರು. ಕೊನೆಗೆ ಜೂನ್ ತಿಂಗಳ ಒಂದು ಸೋಮವಾರ ಬರೆದುಕೊಟ್ಟು, ಮಾತ್ರೆ ಕೊಟ್ಟು, ಭಾರ ಎತ್ತಬೇಡಿ ಎಂದು ಕಳಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಆಚೆ ನೋಡುತ್ತಿದ್ದವರು, "ಅಂಚಿಗೆ ಅಂಚಂತೆ ಅಮ್ಮಣ್ಣಿ. ಒಂದ್ ನೂಲೂ ಬಿಡಲ್ಲಂತೆ" ಎಂದರು. ಅವರಿಗೆ ಅಡ್ಡ ಬಂದದ್ದು ಯೂನಿಫಾರಂ ಅಲ್ಲ ಎಂದು ನನಗೆ ಆಗ ಗೊತ್ತಾಯಿತು. ಹೊಲಿಗೆಯ ವಿಷಯದಲ್ಲಿ ಅವರಿಗೆ ಧೈರ್ಯ ಹೇಳಲು ನಾನು ಯಾರು?

ಅಕ್ಕನಿಗೆ ಹೇಳಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಅಕ್ಕ ಹೇಳಿದರೆ ಅವರು ಕೇಳುತ್ತಿದ್ದರು. ಅಕ್ಕ ಬುತ್ತಿ ತಂದು ಇಟ್ಟು, ಒಂದು ಕ್ಷಣ ನನ್ನ ಎದುರು ನಿಂತು, "ಏನೇ ಸಮಾಚಾರ?" ಎನ್ನುವರು. "ಏನಿಲ್ಲಕ್ಕ, ಕೆಲಸ ಜಾಸ್ತಿ" ಎನ್ನುತ್ತಿದ್ದೆ. ಮಾಸ್ಟರ್ ಮೆಷಿನ್ನಿನಿಂದ ತಲೆ ಎತ್ತುತ್ತಿರಲಿಲ್ಲ. ಹದಿನೆಂಟು ವರ್ಷ ಯಾರ ಅಳತೆಯನ್ನೂ ಅಂಗಡಿಯ ಆಚೆ ಒಯ್ಯದವಳು, ಅವರದನ್ನು ಹೇಗೆ ಒಯ್ಯಲಿ ಎಂದುಕೊಂಡೆ. ಮಾಸ್ಟರ ಮಗಳಿಗೆ ಹೆರಿಗೆಯಾಯಿತು. ಮೊಮ್ಮಗಳ ಸುದ್ದಿ ತಂದು ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಪಿನಾಫೋರು, ನಿಕ್ಕರು, ಬಿಳಿ ಶರಟು ಒಂದೊಂದೇ ಕಟ್ಟು ಮುಗಿಯುತ್ತಾ ಬಂತು. ಬೀಡಿ ಬಿಟ್ಟಿದ್ದರು. ಬಿಟ್ಟರೂ ಅದೇ ಹೊತ್ತಿಗೆ ಎದ್ದು ಓಣಿಗೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದರು.

ಶಾಲೆ ತೆರೆದ ವಾರ, ಗುರುವಾರ. ಆಪರೇಷನ್ನಿಗೆ ನಾಲ್ಕು ದಿನ ಉಳಿದಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಮಾಸ್ಟರ್ ಪೆಡಲು ತುಳಿಯುವುದನ್ನು ನಿಲ್ಲಿಸಿದರು.

"ಏನಾಯ್ತು ಮಾಸ್ಟ್ರೇ?"

"ಜೋಮು. ಎಡಗಾಲು ನಂದಲ್ಲ ಅನ್ನಂಗೈತೆ."

"ಪಾದ ತಣ್ಣಗಿದೆಯಾ? ನೋಡ್ಲಾ?"

"ಥೂ, ನೀನ್ ಯಾಕೆ ಕಾಲು ಮುಟ್ತೀಯ? ಬಿಸಿ ಮಾಡಿದ್ರೆ ಓಗ್ತದೆ. ಒಂದು ಬಟ್ಟೆ ಇಸ್ತ್ರಿ ಮಾಡಿ ಕೊಡು."

ಮೈಕೈ ಹಿಡಿದುಕೊಂಡರೆ ನಮ್ಮ ಅಂಗಡಿಯಲ್ಲಿ ಮಾಡುತ್ತಿದ್ದ ಉಪಾಯ ಅದೇ. ದಪ್ಪ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಎಳೆದು, ಬಿಸಿ ಇರುವಾಗಲೇ ಸುತ್ತಿಕೊಳ್ಳುವುದು. ನನ್ನ ಕುತ್ತಿಗೆ ನೋವಿಗೆ ಅವರೇ ಎಷ್ಟೋ ಸಲ ಮಾಡಿ ಕೊಟ್ಟಿದ್ದರು. ನಾನು ಮಾಡಿ ಕೊಟ್ಟೆ. ಅವರು ಬಗ್ಗಿ ಪಾದಕ್ಕೆ ಸುತ್ತಿಕೊಂಡರು. "ಬಿಸಿನೇ ಗೊತ್ತಾಗ್ತಿಲ್ಲ, ಇನ್ನೂ ಬಿಸಿ ಕೊಡು" ಎಂದರು. ಇನ್ನೂ ಬಿಸಿ ಮಾಡಿದೆ. ಎರಡು ಬಟ್ಟೆ ಇಟ್ಟುಕೊಂಡು, ಒಂದು ಅವರ ಕಾಲಿಗೆ, ಒಂದು ಇಸ್ತ್ರಿಗೆ. ಅವತ್ತು ಮೊಮ್ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋಗಿದ್ದ ಅಕ್ಕ ಬುತ್ತಿ ತರಲಿಲ್ಲ. ಡಾಕ್ಟರಮ್ಮ ಹೇಳಿದ ಮಾತು ನನ್ನ ತಲೆಯಲ್ಲಿತ್ತು. ಸೋಮವಾರ ಹೇಗೂ ಹೋಗುತ್ತೇವಲ್ಲ ಎನ್ನುವುದೂ ಇತ್ತು. ಎರಡು ಸಲ ಆಟೋ ಕರೆಯಲಾ ಎಂದೆ. "ಇರು, ಸ್ವಲ್ಪ ಕಮ್ಮಿ ಆಯ್ತು" ಎಂದರು ಎರಡು ಸಲವೂ.

ನಾಲ್ಕು ಗಂಟೆಗೆ ಬಟ್ಟೆ ಬದಲಿಸುವಾಗ ಅವರಿಗೆ ಬಗ್ಗುವ ಶಕ್ತಿ ಇರಲಿಲ್ಲ. ನಾನೇ ಕೂತು ಬಿಚ್ಚಿದೆ. ಬೆರಳುಗಳು ಸೀಮೆಸುಣ್ಣದ ಬಣ್ಣಕ್ಕೆ ತಿರುಗಿದ್ದವು. ಮುಟ್ಟಿದೆ. ಬೆಳಿಗ್ಗೆ ಅಂಗಡಿ ತೆಗೆದಾಗ ಕತ್ತರಿ ಇರುವಷ್ಟು ತಣ್ಣಗಿತ್ತು.

ಆಟೋ ಹತ್ತಿಸಿಕೊಂಡು ಹೊರಟೆ. ಹೆಬ್ಬಾಳದ ಫ್ಲೈಓವರಿನ ಕೆಳಗೆ ಗಾಡಿಗಳು ನಿಂತಿದ್ದವು. ಮುಂದಿನ ಸ್ಕೂಟರಿನವನನ್ನು ನೋಡಿ ಮಾಸ್ಟರ್, "ಸೀಟ್ ಹತ್ರ ಎಳೀತಾ ಐತೆ ನೋಡು ಅವನ್ದು. ಯಾರು ಹೊಲಿದ್ರೋ" ಎಂದರು. ನಾನು ಆ ಪಾದವನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಬೇಡ ಎನ್ನಲಿಲ್ಲ ಅವರು.

ಆಸ್ಪತ್ರೆಯಲ್ಲಿ ನರ್ಸು ಪಾದವನ್ನು ತಿರುಗಿಸಿ ನೋಡಿ, "ಇದೇನು, ಸುಟ್ಟಿದೆಯಲ್ಲ?" ಎಂದಳು. ಹಿಮ್ಮಡಿಯ ಮೇಲೆ ಎರಡು ಬೊಬ್ಬೆ ಎದ್ದಿದ್ದವು. ನಾನು ಇಸ್ತ್ರಿಯ ವಿಷಯ ಹೇಳಿದೆ. ಡಾಕ್ಟರಮ್ಮ ಬಂದರು. ಪಾದದ ಮೇಲೆ, ಮಂಡಿಯ ಹಿಂದೆ, ಎರಡು ಬೆರಳು ಇಟ್ಟು ಇಟ್ಟು ನೋಡಿದರು. "ಎಷ್ಟು ಹೊತ್ತಾಯ್ತು?" ಹನ್ನೊಂದು ಗಂಟೆಯಿಂದ ಎಂದೆ. ಅವರು ಗೋಡೆಯ ಗಡಿಯಾರ ನೋಡಿದರು. ಐದಕ್ಕೆ ಹತ್ತು ನಿಮಿಷವಿತ್ತು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಕ್ಕನಿಗೆ ಫೋನು ಮಾಡಿದೆ. ಅವರು ಬರುವ ಹೊತ್ತಿಗೆ ಮಾಸ್ಟರನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗಿದ್ದರು. ಹೆಪ್ಪು ತೆಗೆದರು, ಕೊಳವೆ ಹಾಕಿ ಹೊಲಿದರು. ಆಪರೇಷನ್ ಮುಗಿದ ಮೇಲೆ ಡಾಕ್ಟರಮ್ಮ ಹೊರಗೆ ಬಂದು, ಪಾದದಲ್ಲಿ ನಾಡಿ ಸಿಗುತ್ತಿದೆ, ಹೊಲಿಗೆ ಚೆನ್ನಾಗಿ ಹಿಡಿದಿದೆ ಎಂದರು. ಆದರೆ ಅಷ್ಟು ಹೊತ್ತು ರಕ್ತವಿಲ್ಲದೆ ಕೆಟ್ಟ ಮಾಂಸದ ವಿಷ ಈಗ ಮೈಗೆಲ್ಲ ಹೋಗುತ್ತದೆ, ಕಿಡ್ನಿ, ಹೃದಯ ತಡೆದುಕೊಳ್ಳಬೇಕು ಎಂದರು.

ಶುಕ್ರವಾರ ಸಂಜೆ ಐಸಿಯುನಲ್ಲಿ ನೋಡಲು ಬಿಡುವ ಹೊತ್ತಿಗೆ ಅಕ್ಕ ತಮ್ಮ ಬದಲು ನನ್ನನ್ನು ಒಳಗೆ ಕಳಿಸಿದರು. ಮಾಸ್ಟರ್‌ಗೆ ಎಚ್ಚರವಿತ್ತು. "ಮಡಿಕೆ ಬಿದ್ದಿಲ್ವಂತಾ?" ಎಂದು ಕೇಳಿದರು. ಇಲ್ಲವಂತೆ, ಚೆನ್ನಾಗಿ ಕೂತಿದೆಯಂತೆ ಎಂದೆ. ಆಮೇಲೆ, "ಮೊದ್ಲೇ ಗೊತ್ತಿತ್ತು ಅಂತ ನಿಮ್ಮಕ್ಕಂಗೆ ಏಳ್ಬೇಡ. ನಂಗೆ ಏಳ್ಲಿಲ್ಲ ಅಂತ ಕೊರಗ್ತಾಳೆ" ಎಂದರು. ಅವರ ಕೈ ಹಾಸಿಗೆಯ ಅಂಚನ್ನು ಎರಡು ಬೆರಳಿನಲ್ಲಿ ತಿಕ್ಕಿ ತಿಕ್ಕಿ ನೋಡುತ್ತಿತ್ತು. ಭಾನುವಾರ ಬೆಳಿಗ್ಗೆ ಹೃದಯ ನಿಂತಿತು. ಆಪರೇಷನ್ನಿಗೆ ಬರೆದುಕೊಟ್ಟಿದ್ದ ಸೋಮವಾರ ಅವರನ್ನು ಮಣ್ಣು ಮಾಡಿದೆವು.

ಅಂಗಡಿಯನ್ನು ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ. ಹೆಚ್ಚಾಗಿ ಬ್ಲೌಸು, ಫಾಲ್ಸು. ಪ್ಯಾಂಟು ತಂದವರಿಗೆ ಇಲ್ಲ ಎಂದು ಹೇಳಿ ಕಳಿಸುತ್ತೇನೆ. ಅಪಾರ್ಟ್‌ಮೆಂಟಿನ ಯಜಮಾನರು ಹಬ್ಬಕ್ಕೆ ಬಂದು, ಮುಚ್ಚಿಟ್ಟ ಮೆಷಿನ್ ನೋಡಿ, "ನನ್ ಅಳತೆ ಇನ್ಯಾರಿಗಮ್ಮ ಗೊತ್ತು?" ಎಂದರು. ಪುಸ್ತಕದಲ್ಲಿದೆ ಎನ್ನಲಿಲ್ಲ.

ಹೋದ ತಿಂಗಳು ಅಕ್ಕ ಒಂದು ಚೀಲ ಹಿಡಿದು ಬಂದರು. ಒಳಗೆ ಆ ಬೂದುಬಣ್ಣದ ಪ್ಯಾಂಟಿತ್ತು.

"ನನ್ ತಮ್ಮನಿಗೆ ಕೊಡೋಣ ಅಂತ ಕಣೇ. ಒಳ್ಳೆ ಬಟ್ಟೆ, ಪೆಟ್ಟಿಗೇಲಿಟ್ಟು ಏನ್ ಮಾಡ್ಲಿ. ಎಡಗಡೆ ಒಂದಿಂಚು ದೊಡ್ಡದಾಗಿದೆ, ಬಲಗಡೆಗೆ ಸಮ ಮಾಡಿಕೊಡು."

ನನ್ನ ಕೈ ನಿಂತಿತು. ಒಂದಿಂಚು ಎಂದು ಅವರು ಅಳತೆಯನ್ನೇ ಹೇಳಿದ್ದರು.

"ದಿನಾ ಒಗೆದವಳು ನಾನು" ಎಂದರು ಅಕ್ಕ. "ಕಾಲು ಮಡಿಚಿ ದಾರದ ಮೇಲೆ ಹಾಕ್ದಾಗ ಒಂದಕ್ಕೊಂದು ಕೂರ್ತಿರಲಿಲ್ಲ. ಅವರು ಹೊಲಿದಿದ್ದು ಹಂಗಿರುತ್ತಾ? ತಿರುಗಿಸಿ ನೋಡ್ದೆ. ಕೊನೇಲಿ ಮೂರು ಸಲ ಹೊಲಿದಿತ್ತು."

ನಾನು ಪ್ಯಾಂಟನ್ನು ಮಡಿಚಿ ಮೇಜಿನ ಮೇಲಿಟ್ಟೆ.

"ಅವರನ್ನ ಕೇಳ್ದೆ. ಬಟ್ಟೆ ಕುಗ್ಗಿದೆ ಅಂದ್ರು. ನಿನಗೆ ಗೊತ್ತಿದೆ, ಇವತ್ತಲ್ಲ ನಾಳೆ ನೀನು ಹೇಳ್ತೀಯ ಅಂತ ಕಾಯ್ತಾ ಇದ್ದೆ ಕಣೇ. ದಿನಾ ಬುತ್ತಿ ಇಟ್ಟು ಕೇಳ್ತಿದ್ದೆನಲ್ಲ. ಬಾಯಿಬಿಟ್ಟು ಕೇಳೋಕೆ ಆಗ್ಲಿಲ್ಲ. ಅಂಗಡಿ ಅಳತೆ ಮನೆಗೆ ತರಬಾರ್ದು ಅಂತ ನನಗೂ ಹೇಳಿದ್ರಲ್ಲ ಅವರು."

ಮೊದಲೇ ಗೊತ್ತಿತ್ತು ಎಂದು ಹೇಳಬೇಡ ಎಂದಿದ್ದರು ಮಾಸ್ಟರ್. ಹೇಳದೆ ಇಟ್ಟುಕೊಂಡು ಈಗ ಯಾರನ್ನು ಕಾಪಾಡಬೇಕಾಗಿತ್ತೋ ಗೊತ್ತಿಲ್ಲ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಅವಸರ ಇಲ್ಲ, ಬಿಡುವಾದಾಗ ಮಾಡು" ಎಂದು ಹೋದರು.

ಮಾರನೆಯ ದಿನ ಪ್ಯಾಂಟನ್ನು ಒಳಮೈ ಮಾಡಿ ನನ್ನ ಹೊಲಿಗೆ ಬಿಚ್ಚಿದೆ. ಮೂರು ಸಲ ಹೊಲಿದ ತುದಿ ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಬಟ್ಟೆಯ ಮೇಲೆ ಸೂಜಿತೂತಿನ ಮೂರು ಸಾಲು ಉಳಿದವು. ಮೊದಲನೆಯದು ಮಾಸ್ಟರದು, ಅದರಾಚೆ ದೀಪಾವಳಿಯದು, ಅದರಾಚೆ ಸಂಕ್ರಾಂತಿಯದು. ನೀರು ಚಿಮುಕಿಸಿ ಇಸ್ತ್ರಿ ಮಾಡಿದರೆ ತೂತು ಮುಚ್ಚಿಕೊಳ್ಳುತ್ತದೆ ಎಂದು ಕಲಿಸಿದ್ದವರು ಅವರೇ. ಇಸ್ತ್ರಿಪೆಟ್ಟಿಗೆ ಬಿಸಿಯಾಗುವವರೆಗೆ ನಿಂತಿದ್ದೆ. ಎತ್ತಲು ಕೈ ಬರಲಿಲ್ಲ. ಸ್ವಿಚ್ಚು ಆರಿಸಿ, ಬಟ್ಟೆಯನ್ನು ಉಗುರಿನಿಂದ ತೀಡಿದೆ. ಅವರ ಮೆಷಿನ್ನಿನ ಮುಸುಕು ತೆಗೆದು, ಅವರ ಸಾಲಿನ ತೂತುಗಳ ಮೇಲೆಯೇ ಹೊಲಿದೆ. ಕೊನೆಗೆ ಎರಡು ಸಲ ಹಿಂದಕ್ಕೆ ಹೊಲಿದು ನಿಲ್ಲಿಸಿದೆ.

ಸಣ್ಣ ಮಾಡಿದ ಮೇಲೆ ಒಳಗೆ ಹೆಚ್ಚಾದ ಬಟ್ಟೆಯನ್ನು ಕತ್ತರಿಸುವುದು ವಾಡಿಕೆ. ಕತ್ತರಿ ಕೈಗೆ ತೆಗೆದುಕೊಂಡೆ, ಕೆಳಗಿಟ್ಟೆ. ಒಂದೂವರೆ ಇಂಚನ್ನೂ ಹಾಗೇ ಬಿಟ್ಟು, ಮಡಿಚಿ, ಅಕ್ಕನ ಚೀಲದೊಳಗೆ ಇಟ್ಟೆ.